ಮೊದಲ ವಿದೇಶ ಪ್ರಯಾಣ: ಜೇಬಿಗೂ ಜೀವಕ್ಕೂ ಒಂದೇ ಲೆಕ್ಕ

ಮೈಸೂರಿನ ನಿವೃತ್ತ ದಂಪತಿ ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುತ್ತಾರೆ. ಮಂಗಳೂರಿನ ತಾಯಿ ಮಗನ ಸಂಸಾರ ನೋಡಿ ಬರಲು ದುಬೈ ವಿಮಾನ ಹತ್ತುತ್ತಾರೆ. ಹುಬ್ಬಳ್ಳಿಯಲ್ಲಿ ಹೊಸದಾಗಿ ಮದುವೆಯಾದವರು ಬಾಲಿಗೋ ಥಾಯ್ಲೆಂಡಿಗೋ ಟೂರ್ ಪ್ಯಾಕೇಜ್ ಕೊಳ್ಳುತ್ತಾರೆ. 2024ರಲ್ಲಿ ಭಾರತೀಯರ ವಿದೇಶ ಪ್ರಯಾಣಗಳ ಸಂಖ್ಯೆ ಮೂರು ಕೋಟಿ ದಾಟಿತು. ಅವರಲ್ಲಿ ಪಾಸ್‌ಪೋರ್ಟಿಗೆ ಮೊದಲ ಸಲ ಮುದ್ರೆ ಒತ್ತಿಸಿಕೊಂಡವರು ಕಡಿಮೆಯೇನೂ ಇರಲಾರರು. ಹೊರಡುವ ಮುಂಚಿನ ವಾರಗಳಲ್ಲಿ ಇಂಥ ಮನೆಗಳ ಮಾತುಕತೆ ಹೆಚ್ಚುಕಡಿಮೆ ಒಂದೇ ಬಗೆಯದು. ಡಾಲರ್ ಎಲ್ಲಿ ಅಗ್ಗ, ಬ್ಯಾಂಕಿನಲ್ಲೋ ಏಜೆಂಟರ ಹತ್ತಿರವೋ? ಸೂಟ್‌ಕೇಸಿನ ತೂಕ 23 ಕಿಲೊ ಮೀರಿದರೆ ಚಟ್ನಿಪುಡಿ ತೆಗೆಯುವುದೋ, ಸೀರೆ ತೆಗೆಯುವುದೋ? ಆರೋಗ್ಯದ ವಿಷಯ ಬಂದರೆ ‘ಮಾತ್ರೆಯೆಲ್ಲ ಇಟ್ಟುಕೊಂಡಿದ್ದೀವಿ, ಇನ್ಶೂರೆನ್ಸ್ ಏಜೆಂಟೇ ಮಾಡಿಸಿದ್ದಾನೆ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ದುಡ್ಡಿನ ಚಿಂತೆಯೇ ಬೇರೆ, ಆರೋಗ್ಯದ ಚಿಂತೆಯೇ ಬೇರೆ ಎಂದುಕೊಳ್ಳುವುದರಿಂದ ಆಗುವ ಎಡವಟ್ಟು ಇದು. ಊರಿನಲ್ಲಿರುವಾಗ ಇವೆರಡೂ ಬೇರೆ ಬೇರೆ ಇರಬಹುದು. ಗಡಿ ದಾಟಿದ ಮೇಲೆ ಅವು ಒಂದೇ ಲೆಕ್ಕದ ಎರಡು ಕಲಮುಗಳು. ಪ್ರವಾಸದಲ್ಲಿ ಆಗಬಹುದಾದ ಅತಿ ದೊಡ್ಡ ಹಣದ ನಷ್ಟ ಅನಾರೋಗ್ಯದ ದಾರಿಯಿಂದಲೇ ಬರುತ್ತದೆ. ಹಣದ ಏರ್ಪಾಡು ಕೈಕೊಟ್ಟರೆ ಸಣ್ಣ ಅನಾರೋಗ್ಯವೂ ದೊಡ್ಡದಾಗುತ್ತದೆ. ಆದ್ದರಿಂದ ಎಚ್ಚರಿಕೆಯನ್ನು ಎಲ್ಲಿ ಎಷ್ಟು ಖರ್ಚು ಮಾಡಬೇಕು ಎಂಬುದನ್ನು ನಷ್ಟದ ಗಾತ್ರ ನೋಡಿ ನಿರ್ಧರಿಸಬೇಕು.

ಮೊದಲು ಸಣ್ಣ ನಷ್ಟಗಳನ್ನೇ ನೋಡೋಣ. ಸಾವಿರ ಡಾಲರ್ ಕೊಳ್ಳುವಾಗ ಡಾಲರಿಗೆ ಒಂದು ರೂಪಾಯಿ ಹೆಚ್ಚು ತೆತ್ತರೆ ಹೋಗುವುದು ₹1,000. ನಮ್ಮ ಬ್ಯಾಂಕಿನ ಮಾಮೂಲಿ ಕ್ರೆಡಿಟ್ ಕಾರ್ಡನ್ನು ಹೊರದೇಶದಲ್ಲಿ ಉಜ್ಜಿದರೆ ಸಾಮಾನ್ಯವಾಗಿ ಶೇ 3.5ರಷ್ಟು ವಿದೇಶಿ ವಿನಿಮಯ ಶುಲ್ಕ, ಅದರ ಮೇಲೆ ಶೇ 18ರ ಜಿಎಸ್‌ಟಿ ಬೀಳುತ್ತದೆ. ಅಂದರೆ ಒಂದು ಲಕ್ಷ ರೂಪಾಯಿಯ ಖರ್ಚಿಗೆ ₹4,130. ಮೂರು ಲಕ್ಷ ಖರ್ಚು ಮಾಡಿ ಬರುವ ಕುಟುಂಬಕ್ಕೆ ಈ ಬಾಬತ್ತಿನಲ್ಲಿ ಹನ್ನೆರಡು ಸಾವಿರ ರೂಪಾಯಿ ಚಿಲ್ಲರೆ ಹೋಗಬಹುದು. ಇದನ್ನು ಉಳಿಸುವುದು ಒಳ್ಳೆಯದೇ, ಉಳಿಸುವ ದಾರಿಗಳೂ ಇವೆ. ಆದರೆ ಈ ಹನ್ನೆರಡು ಸಾವಿರದಿಂದ ಯಾವ ಮನೆಯೂ ಮುಳುಗುವುದಿಲ್ಲ. ಈಗ ಇನ್ನೊಂದು ಕಡೆ ನೋಡಿ. ಅಮೆರಿಕದಲ್ಲಿ 1986ರ ಒಂದು ಕಾನೂನಿನ ಪ್ರಕಾರ ಎಮರ್ಜೆನ್ಸಿ ವಿಭಾಗಕ್ಕೆ ಬಂದ ರೋಗಿಯನ್ನು, ಅವನ ಹತ್ತಿರ ದುಡ್ಡಿದೆಯೇ ಇಲ್ಲವೇ ಎಂದು ಕೇಳದೆ ಪರೀಕ್ಷಿಸಿ, ಜೀವದ ಅಪಾಯ ಕಳೆಯುವವರೆಗೆ ಚಿಕಿತ್ಸೆ ಕೊಡಬೇಕು. ಇದನ್ನು ಕೇಳಿದ ಕೆಲವರು ‘ಅಲ್ಲಿ ಎಮರ್ಜೆನ್ಸಿಯೆಲ್ಲ ಫ್ರೀ’ ಎಂದುಕೊಳ್ಳುವುದುಂಟು. ಕಾನೂನು ಹೇಳುವುದು ಚಿಕಿತ್ಸೆ ನಿರಾಕರಿಸಬೇಡಿ ಎಂದು ಮಾತ್ರ. ಬಿಲ್ ಕಳಿಸಬೇಡಿ ಎಂದಲ್ಲ. ಆಂಬುಲೆನ್ಸ್, ಸ್ಕ್ಯಾನ್, ಡಾಕ್ಟರು, ಹಾಸಿಗೆ ಎಲ್ಲಕ್ಕೂ ಬಿಲ್ಲುಗಳು ಬರುತ್ತವೆ, ಎಷ್ಟೋ ಸಲ ಒಂದೊಂದೂ ಬೇರೆ ಬೇರೆಯಾಗಿ, ವಾರಗಳಾದ ಮೇಲೆ. ಎದೆನೋವೆಂದು ಸೇರಿ, ಸ್ಟೆಂಟ್ ಹಾಕಿಸಿಕೊಂಡು ಮೂರ್ನಾಲ್ಕು ದಿನದಲ್ಲಿ ಹೊರಬಂದವರ ಬಿಲ್ಲೂ ಹತ್ತಾರು ಸಾವಿರ ಡಾಲರಿಗೆ ಏರುವುದು ಅಲ್ಲಿ ಅಪರೂಪವಲ್ಲ. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಯ ಅಪಘಾತ ಮತ್ತು ತುರ್ತು ವಿಭಾಗದ ಚಿಕಿತ್ಸೆಗೆ ಪ್ರವಾಸಿಗರಿಗೂ ಶುಲ್ಕವಿಲ್ಲ. ಆದರೆ ಅಲ್ಲಿಂದ ವಾರ್ಡಿಗೆ ಸೇರಿಸಿಕೊಂಡರೆ, ಆಸ್ಪತ್ರೆಯ ನಿಗದಿತ ದರದ ಒಂದೂವರೆ ಪಟ್ಟನ್ನು ಹೊರದೇಶದವರಿಂದ ವಸೂಲಿ ಮಾಡುವುದು ಅಲ್ಲಿನ ನಿಯಮ. ಒಂದು ನಷ್ಟ ಖಚಿತ, ಆದರೆ ಸಣ್ಣದು. ಇನ್ನೊಂದು ಬಹುಶಃ ಬಾರದು. ಬಂದರೆ ನಿವೃತ್ತಿಯ ಉಳಿತಾಯವನ್ನೇ ಗುಡಿಸಿಕೊಂಡು ಹೋಗುತ್ತದೆ. ನಮ್ಮ ಚೌಕಾಸಿಯೆಲ್ಲ ಮೊದಲನೆಯದರ ಹಿಂದೆಯೇ ಓಡುತ್ತಿರುತ್ತದೆ.

‘ಮಗ ಅಲ್ಲಿ ದೊಡ್ಡ ಕಂಪನಿಯಲ್ಲಿದ್ದಾನೆ, ಅವನ ಇನ್ಶೂರೆನ್ಸ್ ಇದೆಯಲ್ಲ’ ಎಂಬ ಧೈರ್ಯ ಬಹಳ ತಂದೆ–ತಾಯಂದಿರದು. ನಮ್ಮಲ್ಲಿ ಐಟಿ ಕಂಪನಿಗಳು ಕೊಡುವ ಗುಂಪು ವಿಮೆಯಲ್ಲಿ ಅಪ್ಪ ಅಮ್ಮನನ್ನೂ ಸೇರಿಸುವ ರೂಢಿ ಇರುವುದರಿಂದ ಹಾಗೆ ಅನ್ನಿಸುವುದು ಸಹಜ. ಅಮೆರಿಕದ ಉದ್ಯೋಗ ವಿಮೆಯ ಕ್ರಮ ಬೇರೆ. ಅಲ್ಲಿ ಅವಲಂಬಿತರು ಎಂದರೆ ಸಾಮಾನ್ಯವಾಗಿ ಹೆಂಡತಿ ಅಥವಾ ಗಂಡ ಮತ್ತು 26 ವರ್ಷದವರೆಗಿನ ಮಕ್ಕಳು. ಆರು ತಿಂಗಳಿಗೆಂದು ಬಂದ ತಂದೆ–ತಾಯಿ ಆ ಪಟ್ಟಿಗೆ ಸೇರುವುದಿಲ್ಲ. ಅಲ್ಲಿನ ಹಿರಿಯ ನಾಗರಿಕರಿಗಿರುವ ಮೆಡಿಕೇರ್ ಸೌಲಭ್ಯವೂ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಇಲ್ಲ. ಇಲ್ಲಿ ವರ್ಷ ವರ್ಷ ಕಂತು ಕಟ್ಟುವ ಮೆಡಿಕ್ಲೈಮ್ ಪಾಲಿಸಿಗಳಲ್ಲಿ ಹೆಚ್ಚಿನವು ಭಾರತದ ಆಸ್ಪತ್ರೆಗಳಿಗಷ್ಟೇ ಅನ್ವಯ. ಹೀಗೆ ಎಲ್ಲ ಬಾಗಿಲೂ ಮುಚ್ಚಿರುವುದರಿಂದ ಉಳಿಯುವುದು ಪ್ರವಾಸ ವಿಮೆಯೊಂದೇ. ಯುರೋಪಿನ ಷೆಂಗೆನ್ ದೇಶಗಳು ಈ ವಿಷಯದಲ್ಲಿ ಪ್ರವಾಸಿಯ ಇಷ್ಟಕ್ಕೆ ಏನನ್ನೂ ಬಿಟ್ಟಿಲ್ಲ: ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಇಲ್ಲದೆ ವೀಸಾ ಅರ್ಜಿಯೇ ಮುಂದೆ ಹೋಗದು. ಆದರೆ ಈ ಕಡ್ಡಾಯದಿಂದ ಒಂದು ಕೆಟ್ಟ ಅಭ್ಯಾಸವೂ ಬೆಳೆದಿದೆ. ವಿಮೆ ಎಂದರೆ ವೀಸಾ ಫೈಲಿಗೆ ಲಗತ್ತಿಸುವ ಇನ್ನೊಂದು ಕಾಗದ ಎಂಬ ಭಾವನೆ ಬಂದು, ಅತಿ ಕಡಿಮೆ ಕಂತಿನ ಪಾಲಿಸಿ ಯಾವುದೋ ಅದನ್ನೇ ಕೊಂಡು ಮುಗಿಸುವವರು ಹೆಚ್ಚು. ವಿಮೆಯನ್ನೇ ಕೇಳದ ಅಮೆರಿಕದ ವೀಸಾಕ್ಕೆ ಹೋಗುವವರು ಎಷ್ಟೋ ಸಲ ಅದನ್ನೂ ಕೊಳ್ಳುವುದಿಲ್ಲ. ವಿಚಿತ್ರವೆಂದರೆ, ಆಸ್ಪತ್ರೆ ಅತಿ ದುಬಾರಿಯಾಗಿರುವುದು ಅಲ್ಲೇ.

ಇನ್ನು ವಿಮೆಯ ಅರ್ಜಿ ಫಾರ್ಮನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ಪ್ರವಾಸದ ಅತಿ ದೊಡ್ಡ ಹಣಕಾಸಿನ ತೀರ್ಮಾನ ಆಗುವುದು ಆ ಒಂದು ಪುಟದಲ್ಲಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಹುಟ್ಟಿದ ತಾರೀಕು ಆದ ಮೇಲೆ ಒಂದು ಪ್ರಶ್ನೆ ಇರುತ್ತದೆ: ಈಗಾಗಲೇ ಯಾವುದಾದರೂ ಕಾಯಿಲೆ ಇದೆಯೇ, ಔಷಧಿ ತೆಗೆದುಕೊಳ್ಳುತ್ತಿದ್ದೀರಾ? ಪಕ್ಕದಲ್ಲಿ ‘ಹೌದು’, ‘ಇಲ್ಲ’ ಎಂಬ ಎರಡು ಪುಟ್ಟ ಚೌಕಗಳು. ಏಜೆಂಟರು ಫೋನಿನಲ್ಲೇ ವಿವರ ಕೇಳಿಕೊಂಡು ಫಾರ್ಮ್ ತುಂಬುವಾಗ ‘ಇಲ್ಲ’ ಎಂಬಲ್ಲಿ ಗುರುತು ಹಾಕಿಬಿಡುವುದುಂಟು. ಬಿಪಿ, ಶುಗರ್ ಎಂದರೆ ಈಗ ಎಲ್ಲರಿಗೂ ಇರುವುದೇ, ಅದನ್ನೇನು ಹೇಳುವುದು ಎಂದು ಮನೆಯವರೂ ಸುಮ್ಮನಾಗುತ್ತಾರೆ. ವಿಮೆ ನಿಂತಿರುವುದು ಕೊಳ್ಳುವವನು ತನ್ನ ಸಂಗತಿಯನ್ನು ಪೂರ್ತಿ ಹೇಳಿದ್ದಾನೆ ಎಂಬ ನಂಬಿಕೆಯ ಮೇಲೆ. ಹೃದಯಾಘಾತದ ಕ್ಲೇಮು ಬಂದಾಗ ಕಂಪನಿ ಹಳೆಯ ಚೀಟಿ, ಹಳೆಯ ರಿಪೋರ್ಟು ಕೇಳುತ್ತದೆ. ಹತ್ತು ವರ್ಷದಿಂದ ರಕ್ತದೊತ್ತಡದ ಮಾತ್ರೆ ನುಂಗುತ್ತಿರುವುದು ಅಲ್ಲಿ ಕಂಡರೆ ಆ ಪುಟ್ಟ ಗುರುತೇ ಕ್ಲೇಮು ತಿರಸ್ಕರಿಸಲು ಸಾಕು. ಹೇಳಿಕೊಂಡರೂ ಎಲ್ಲವೂ ಸಿಗುತ್ತದೆ ಎಂದಲ್ಲ. ಬಹಳಷ್ಟು ಪಾಲಿಸಿಗಳು ಮೊದಲೇ ಇದ್ದ ಕಾಯಿಲೆಯ ಮಾಮೂಲಿ ಚಿಕಿತ್ಸೆಯನ್ನು ಹೊರಗಿಟ್ಟು, ಅದು ಹಠಾತ್ತನೆ ಉಲ್ಬಣಿಸಿ ಜೀವಕ್ಕೆ ಅಪಾಯ ಬಂದಾಗ ಮಾತ್ರ, ಅದೂ ಒಂದು ಮಿತಿಯವರೆಗೆ, ಹಣ ಕೊಡುತ್ತವೆ. ಆದ್ದರಿಂದ ಕಂತಿನ ಮೊತ್ತಕ್ಕಿಂತ ಮೊದಲು ನೋಡಬೇಕಾದ್ದು ಬೇರೆ ಸಂಗತಿಗಳನ್ನು. ಮೊದಲೇ ಇದ್ದ ಕಾಯಿಲೆಗೆ ಎಷ್ಟರವರೆಗೆ ಕೊಡುತ್ತಾರೆ? ಬಿಲ್ಲಿನಲ್ಲಿ ಮೊದಲು ನಮ್ಮ ಕೈಯಿಂದ ಹಾಕಬೇಕಾದ ಮೊತ್ತ ಎಷ್ಟು? ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ, ಅರವತ್ತು ದಾಟಿದವರಿಗೆ ಹಾಸಿಗೆ ಬಾಡಿಗೆಗೆ, ಶಸ್ತ್ರಚಿಕಿತ್ಸೆಗೆ ಒಳಮಿತಿಗಳಿವೆಯೇ? ಆಸ್ಪತ್ರೆಗೆ ಕಂಪನಿಯೇ ನೇರವಾಗಿ ಹಣ ಕಟ್ಟುತ್ತದೆಯೋ, ನಾವು ಕಟ್ಟಿ ಆಮೇಲೆ ಪಡೆಯಬೇಕೋ? ರೋಗಿಯನ್ನೋ, ಕೆಟ್ಟದ್ದೇ ಆದರೆ ಮೃತದೇಹವನ್ನೋ ಊರಿಗೆ ತರುವ ಖರ್ಚು ಸೇರಿದೆಯೇ? ಐವತ್ತು ಸಾವಿರ ಡಾಲರಿನ ಪಾಲಿಸಿಯಲ್ಲಿ ಶಸ್ತ್ರಚಿಕಿತ್ಸೆಗೆ ಕೆಲವೇ ಸಾವಿರ ಡಾಲರಿನ ಒಳಮಿತಿ ಇದ್ದರೆ, ಬೇಕಾದ ಹೊತ್ತಿನಲ್ಲಿ ಆ ಐವತ್ತು ಸಾವಿರ ಕಾಗದದ ಮೇಲಿನ ಅಂಕಿ ಮಾತ್ರ.

ಇದಕ್ಕೆ ಬರುವ ಆಕ್ಷೇಪ ಹಗುರವಾದದ್ದಲ್ಲ. ವಿಮೆ ಕಂಪನಿಗಳು ಕೊನೆಗೆ ಏನಾದರೊಂದು ನೆಪ ತೆಗೆದು ಹಣ ತಪ್ಪಿಸುತ್ತವೆ, ಏನೂ ಆಗದಿದ್ದರೆ ಕಟ್ಟಿದ್ದು ನೀರಿನಲ್ಲಿ ಹೋಮ, ಎಂದು ಜನ ಹೇಳುವುದಕ್ಕೆ ಕಾರಣಗಳಿವೆ. ಕ್ಲೇಮಿಗಾಗಿ ಅಲೆದವರ ಕಥೆಗಳು ಪ್ರತಿ ಊರಿನಲ್ಲೂ ಸಿಗುತ್ತವೆ. ಆದರೆ ತಕರಾರುಗಳ ಮೂಲ ಹುಡುಕಿದರೆ ಮೂರು ಸಂಗತಿ ಮತ್ತೆ ಮತ್ತೆ ಕಾಣುತ್ತವೆ: ಕಾಯಿಲೆ ಮುಚ್ಚಿಟ್ಟದ್ದು, ಹೊರಗಿಟ್ಟ ಅಂಶಗಳ ಪುಟ ಓದದೇ ಇದ್ದದ್ದು, ಆಸ್ಪತ್ರೆ ಸೇರಿದ ಸುದ್ದಿಯನ್ನು ಕಂಪನಿಯ ಸಹಾಯವಾಣಿಗೆ ಹೊತ್ತಿಗೆ ಸರಿಯಾಗಿ ತಿಳಿಸದೇ ಇದ್ದದ್ದು. ಈ ಮೂರೂ ಕೊಳ್ಳುವವನ ಕೈಯಲ್ಲೇ ಇರುವಂಥವು. ಇವು ಸರಿಯಿದ್ದೂ ಕಂಪನಿ ಸತಾಯಿಸಿದರೆ ಬೆಂಗಳೂರಿನಲ್ಲೇ ವಿಮಾ ಲೋಕಪಾಲರ ಕಚೇರಿ ಇದೆ. ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಇನ್ನು ‘ಏನೂ ಆಗದಿದ್ದರೆ ದುಡ್ಡು ದಂಡ’ ಎಂಬ ಮಾತು ವಿಮೆಯನ್ನು ಉಳಿತಾಯದ ಯೋಜನೆ ಎಂದು ತಿಳಿಯುವುದರಿಂದ ಬರುವಂಥದ್ದು. ನಮ್ಮ ಕೈಯಿಂದ ಭರಿಸಲು ಆಗುವ ನಷ್ಟಕ್ಕೆ ವಿಮೆ ಬೇಕಿಲ್ಲ. ಸೂಟ್‌ಕೇಸ್ ತಡವಾಗಿ ಬಂದರೆ ಎರಡು ಜೊತೆ ಬಟ್ಟೆ ಕೊಂಡರಾಯಿತು. ಭರಿಸಲಾಗದ್ದಕ್ಕೆ ಮಾತ್ರ ಅದು ಬೇಕು. ಹಾಗಾಗಿ ಸಾಮಾನು ಕಳೆದರೆ, ವಿಮಾನ ತಡವಾದರೆ ಎಂಬ ಸಣ್ಣ ಸವಲತ್ತುಗಳ ಉದ್ದ ಪಟ್ಟಿಗೆ ಮರುಳಾಗದೆ, ಅದೇ ಕಂತಿನಲ್ಲಿ ಆಸ್ಪತ್ರೆ ಖರ್ಚಿನ ಮಿತಿ ಹೆಚ್ಚಿರುವ ಪಾಲಿಸಿ ಆರಿಸುವುದು ಲೆಕ್ಕ ಬಲ್ಲವರ ಕೆಲಸ. ಕಾಯಿಲೆ ಹೇಳಿದರೆ ಕಂತು ಏರುತ್ತದೆ ಎಂಬುದೂ ನಿಜ. ಆದರೆ ಮುಚ್ಚಿಟ್ಟು ಕೊಂಡ ಅಗ್ಗದ ಪಾಲಿಸಿ ಅಗ್ಗದ್ದಲ್ಲ. ಕಷ್ಟಕಾಲದಲ್ಲಿ ಕೆಲಸಕ್ಕೆ ಬಾರದ ಪಾಲಿಸಿಗೆ ಕೊಟ್ಟ ಅಷ್ಟೂ ದುಡ್ಡು ದಂಡವೇ.

ವಿಮೆಯ ನಂತರದ ಮುಖ್ಯ ವಿಷಯ ಔಷಧಿಯ ಚೀಲ. ಇಲ್ಲಿ ನಾವೆಲ್ಲ ಮಾತ್ರೆಯನ್ನು ಕಂಪನಿ ಇಟ್ಟ ಹೆಸರಿನಿಂದ ಕರೆಯುತ್ತೇವೆ. ಜ್ವರಕ್ಕೆ ಡೋಲೊ, ಶುಗರಿಗೆ ಗ್ಲೈಕೊಮೆಟ್, ಹೃದಯಕ್ಕೆ ಇಕೊಸ್ಪ್ರಿನ್. ಈ ಹೆಸರು ಹೇಳಿದರೆ ಅಮೆರಿಕದ ಫಾರ್ಮಸಿಯವರಿಗೆ ಏನೂ ತಿಳಿಯುವುದಿಲ್ಲ. ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ದೊಡ್ಡ ಅಕ್ಷರದ ಕೆಳಗೆ ಸಣ್ಣದಾಗಿ ಬರೆದಿರುವುದನ್ನು ಓದಿದರೆ ಒಳಗಿರುವ ಮದ್ದಿನ ಹೆಸರೂ ಪ್ರಮಾಣವೂ ಸಿಗುತ್ತವೆ: ಪ್ಯಾರಾಸಿಟಮಾಲ್ 650 ಮಿಲಿಗ್ರಾಂ, ಮೆಟ್‌ಫಾರ್ಮಿನ್, ಆಸ್ಪಿರಿನ್. ಅದರಲ್ಲೂ ನಮ್ಮ ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೊಫೆನ್. ದಮ್ಮಿಗೆ ಎಳೆದುಕೊಳ್ಳುವ ಸಾಲ್ಬುಟಮಾಲ್ ಅಲ್ಲಿ ಆಲ್ಬುಟೆರಾಲ್. ಆದ್ದರಿಂದ ಮದ್ದಿನ ಮೂಲ ಹೆಸರು, ಪ್ರಮಾಣ, ಕಾಯಿಲೆ, ಈ ಮೂರನ್ನೂ ಇಂಗ್ಲಿಷಿನಲ್ಲಿ ಬರೆದ ಚೀಟಿಯನ್ನು ಡಾಕ್ಟರ ಸಹಿ, ಮೊಹರಿನ ಸಮೇತ ಇಟ್ಟುಕೊಳ್ಳಬೇಕು. ಮಾತ್ರೆಗಳನ್ನು ಡಬ್ಬಿಗೆ ಸುರಿದುಕೊಳ್ಳದೆ ಸ್ಟ್ರಿಪ್ಪಿನಲ್ಲೇ ಒಯ್ಯಬೇಕು, ಕೈಚೀಲದಲ್ಲೇ ಒಯ್ಯಬೇಕು. ಇನ್ಸುಲಿನ್ನಿಗಂತೂ ಈ ಮಾತು ಕಡ್ಡಾಯ: ವಿಮಾನದ ಹೊಟ್ಟೆಯಲ್ಲಿ ಹೋಗುವ ಸೂಟ್‌ಕೇಸಿನಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಸೂಟ್‌ಕೇಸೇ ಬೇರೆ ಊರಿಗೆ ಹೋಗಲೂಬಹುದು. ಕೈಚೀಲದ ದ್ರವಗಳಿಗೆ ಇರುವ 100 ಮಿಲಿಲೀಟರ್ ಮಿತಿಯಿಂದ ಅಗತ್ಯ ಔಷಧಿಗೆ ವಿನಾಯಿತಿ ಇದೆ, ಚೀಟಿ ತೋರಿಸಬೇಕಷ್ಟೆ. ಇನ್ನೊಂದು ತೊಡಕು ಬಾಣಂತನಕ್ಕೆ ಹೋಗುವವರದು. ವೀಸಾದಲ್ಲಿ ಆರು ತಿಂಗಳು ಇರಲು ಬಿಟ್ಟರೂ ಅಮೆರಿಕ ಸಾಮಾನ್ಯವಾಗಿ ಒಪ್ಪುವುದು ಸ್ವಂತ ಬಳಕೆಗೆ ಸುಮಾರು 90 ದಿನದ ಔಷಧಿಯನ್ನು. ಉಳಿದ ಮೂರು ತಿಂಗಳಿಗೆ ಅಲ್ಲಿನ ಡಾಕ್ಟರನ್ನು ಒಮ್ಮೆ ಕಂಡು ಚೀಟಿ ಬರೆಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಮೆಟ್‌ಫಾರ್ಮಿನ್‌ನಂಥ ಹಳೆಯ ಮಾತ್ರೆಗಳ ಬೆಲೆ ಅಲ್ಲೂ ಹೆಚ್ಚಿಲ್ಲ. ಖರ್ಚಾಗುವುದು ಆ ಚೀಟಿಗೆ. ದುಡ್ಡು ಉಳಿಸಲೆಂದು ದಿನ ಬಿಟ್ಟು ದಿನ ಮಾತ್ರೆ ನುಂಗುವುದು ಎಲ್ಲಕ್ಕಿಂತ ದುಬಾರಿಯಾದ ಉಳಿತಾಯ.

ಎಲ್ಲ ದೇಶಕ್ಕೂ ಒಂದೇ ಚೀಲ ಸಲ್ಲುವುದಿಲ್ಲ ಎಂಬುದನ್ನು ಕೊಲ್ಲಿ ದೇಶಗಳಿಗೆ ಹೊರಟವರು ವಿಶೇಷವಾಗಿ ಗಮನಿಸಬೇಕು. ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ಜೋರು ನೋವಿಗೆ ಬರೆದುಕೊಡುವ ಟ್ರಮಡಾಲ್, ಕೆಲವು ನಿದ್ರೆ ಮಾತ್ರೆ, ಇವೆಲ್ಲ ಯುಎಇಯಲ್ಲಿ ನಿಯಂತ್ರಿತ ಮದ್ದುಗಳು. ಹೊರಡುವ ಮೊದಲೇ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಚೀಟಿ ಹಾಕಿ ಅನುಮತಿ ಪಡೆದಿರಬೇಕು. ಇಲ್ಲವಾದರೆ ಮಂಡಿನೋವಿನ ಅಜ್ಜಿಯ ಮಾತ್ರೆಯೇ ಮಾದಕ ವಸ್ತುವಿನ ಪ್ರಕರಣವಾಗಬಹುದು. ಅಡುಗೆಮನೆಯ ಸಾಮಾನೂ ಇದಕ್ಕೆ ಹೊರತಲ್ಲ. ಪಾಯಸಕ್ಕೂ ಸಾಗಿಗೂ ಹಾಕುವ ಗಸಗಸೆ ಅಫೀಮು ಗಿಡದ ಬೀಜ. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದಕ್ಕೆ ನಿಷೇಧ. ಮಗನಿಗೆಂದು ಅಕ್ಕರೆಯಿಂದ ಹುರಿದು ಕುಟ್ಟಿದ ಮಸಾಲೆಯಲ್ಲಿ ಅದು ಸೇರಿದ್ದರೂ ನಿಯಮ ನಿಯಮವೇ. ಎಲೆ–ಅಡಿಕೆ ಹಾಕುವವರಿಗೂ ದುಬೈ ಕಸ್ಟಮ್ಸ್ ರಿಯಾಯಿತಿ ತೋರಿಸುವುದಿಲ್ಲ. ವೀಳ್ಯದೆಲೆ ಅಲ್ಲಿ ನಿಷಿದ್ಧ. ಹತ್ತು ರೂಪಾಯಿಯ ಸಾಮಾನಿಗೆ ವಕೀಲರ ಶುಲ್ಕ, ದಂಡ, ತಪ್ಪಿದ ವಿಮಾನ ಎಲ್ಲವೂ ಬೀಳಬಹುದಾದ ಜಾಗ ಇದು.

ಲಸಿಕೆಯ ವಿಷಯದಲ್ಲಿ ಹೆಚ್ಚಿನ ಪ್ರವಾಸಿಗರಿಗೆ ಕಡ್ಡಾಯವೆಂಬುದು ಕಡಿಮೆ, ಆದರೆ ಕಡ್ಡಾಯವಿರುವ ಕಡೆ ತಾರೀಕಿನ ಲೆಕ್ಕ ತಪ್ಪುವಂತಿಲ್ಲ. ಕೆನ್ಯಾದ ಸಫಾರಿಗೆ ಹೋಗಿ ಬರುವವರಿಗೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಬೇಕಾಗುವುದು ಮುಖ್ಯವಾಗಿ ಭಾರತಕ್ಕೆ ಮರಳುವಾಗ. ಲಸಿಕೆ ಹಾಕಿಸಿಕೊಂಡ ಹತ್ತು ದಿನದ ನಂತರವಷ್ಟೇ ಆ ಪತ್ರಕ್ಕೆ ಮಾನ್ಯತೆ. ಪತ್ರವಿಲ್ಲದೆ ಬಂದಿಳಿದರೆ ಆರು ದಿನದವರೆಗೆ ಪ್ರತ್ಯೇಕವಾಸ. ಸರ್ಕಾರ ಗೊತ್ತುಪಡಿಸಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ, ದಿನ ಕಾಯ್ದಿರಿಸಿಕೊಂಡೇ ಹೋಗಬೇಕಾಗಬಹುದು. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ಸಾಕು ಎಂಬ ನಿಯಮ 2016ರಿಂದ ಬಂದಿದೆ. ಆದರೆ ಅರವತ್ತು ದಾಟಿದವರು ಮೊದಲ ಸಲ ಹಾಕಿಸಿಕೊಳ್ಳುವಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ತುಸು ಹೆಚ್ಚಿರುವುದರಿಂದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಹಜ್ ಯಾತ್ರಿಗಳಿಗೆ ಮೆದುಳುಪೊರೆಯ ಜ್ವರದ ಲಸಿಕೆ ಕಡ್ಡಾಯ. ಅಲ್ಲೂ ಸೌದಿ ತಲುಪುವ ಹತ್ತು ದಿನ ಮುಂಚೆ ಹಾಕಿಸಿಕೊಂಡಿರಬೇಕು. ಉದ್ದದ ವಿಮಾನ ಪ್ರಯಾಣದಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಈಚೆಗೆ ಬಹಳ ಕೇಳಿಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೊರತಂದ ಅಧ್ಯಯನದ ಪ್ರಕಾರ ನಾಲ್ಕು ಗಂಟೆ ಮೀರಿದ ಪ್ರಯಾಣದಲ್ಲಿ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಹಾಗಿದ್ದೂ ಅದು ಆರು ಸಾವಿರ ಜನರಲ್ಲಿ ಒಬ್ಬರಿಗೆ ಎಂಬಷ್ಟು. ಗಾಬರಿ ಬೇಡ, ಅಸಡ್ಡೆಯೂ ಬೇಡ. ಆಗಾಗ ಎದ್ದು ಓಡಾಡುವುದು, ಪಾದ ಆಡಿಸುವುದು ಹೆಚ್ಚಿನವರಿಗೆ ಸಾಕು. ಈ ಮೊದಲು ಹಾಗೆ ರಕ್ತ ಹೆಪ್ಪುಗಟ್ಟಿದ್ದವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ಡಾಕ್ಟರ ಮಾತು ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಅದೇ ಭೇಟಿಯಲ್ಲಿ ಇನ್ನೊಂದು ಪ್ರಶ್ನೆ ಕೇಳುವುದು ಒಳ್ಳೆಯದು: ಪಶ್ಚಿಮಕ್ಕೆ ಹೋಗುವಾಗ ದಿನ ಉದ್ದವಾಗುತ್ತದೆ, ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ, ಆ ದಿನದ ಡೋಸ್ ಯಾವಾಗ, ಎಷ್ಟು?

ಈಗ ಹಣದ ಏರ್ಪಾಡಿಗೆ ಬರೋಣ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಯಾವುದು ಅಗ್ಗ’ ಎಂಬುದಲ್ಲ. ‘ಮಧ್ಯರಾತ್ರಿ ಆಸ್ಪತ್ರೆಯ ಕೌಂಟರಿನಲ್ಲಿ ಯಾವುದು ನಡೆಯುತ್ತದೆ’ ಎಂಬುದು. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರಿಂದ ಹೊಸದಾಗಿ ಕೊಡುವ ಕಾರ್ಡುಗಳು ದೇಶದೊಳಗೆ ಮಾತ್ರ ಚಾಲ್ತಿಯಲ್ಲಿರುತ್ತವೆ. ವಿದೇಶದ ಬಳಕೆಯನ್ನು ನಾವೇ ಬ್ಯಾಂಕಿನ ಆ್ಯಪಿನಲ್ಲಿ ತೆರೆದು, ಮಿತಿಯನ್ನೂ ಹಾಕಬೇಕು. ಇದನ್ನು ಮರೆತು ಹೋದವರ ಕಾರ್ಡು ಅಲ್ಲಿ ಬರೀ ಪ್ಲಾಸ್ಟಿಕ್. ಅಲ್ಲಿ ಹೋಗಿ ತೆರೆಯೋಣವೆಂದರೆ ಒಟಿಪಿ ಬರುವುದು ಇಲ್ಲಿನ ಸಿಮ್ಮಿಗೆ. ರೋಮಿಂಗ್ ಹಾಕಿಸದಿದ್ದರೆ ಅದೂ ಇಲ್ಲ. ಯುಪಿಐ ಸಿಂಗಪುರ, ಯುಎಇ, ಶ್ರೀಲಂಕಾ, ಮಾರಿಷಸ್, ಫ್ರಾನ್ಸ್ ಮುಂತಾದ ಕಡೆ ಕಾಲಿಟ್ಟಿದೆ ನಿಜ, ಆದರೆ ಎಲ್ಲ ಅಂಗಡಿಯಲ್ಲೂ ನಡೆಯುತ್ತದೆ ಎಂದು ನಂಬಿ ಹೋಗುವಂತಿಲ್ಲ. ಹಾಗಾಗಿ ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡು, ಅವುಗಳಲ್ಲಿ ಒಂದಾದರೂ ಸಾಕಷ್ಟು ಮಿತಿಯಿರುವ ಕ್ರೆಡಿಟ್ ಕಾರ್ಡು, ದಿನದ ಖರ್ಚಿಗೆ ಮೊದಲೇ ವಿದೇಶಿ ಹಣ ತುಂಬಿಸಿಟ್ಟ ಫಾರೆಕ್ಸ್ ಕಾರ್ಡು, ಜೊತೆಗೆ ಒಂದಷ್ಟು ನಗದು, ಇದು ಭದ್ರವಾದ ಕ್ರಮ. ಫಾರೆಕ್ಸ್ ಕಾರ್ಡಿಗೆ ಹಣ ತುಂಬಿದ ದಿನದ ದರವೇ ಸಲ್ಲುವುದರಿಂದ ಆಮೇಲೆ ರೂಪಾಯಿ ಕುಸಿದರೂ ಚಿಂತೆಯಿಲ್ಲ. ಆಸ್ಪತ್ರೆಯ, ಹೋಟೆಲಿನ ಮುಂಗಡಕ್ಕೆ ಮಾತ್ರ ಕ್ರೆಡಿಟ್ ಕಾರ್ಡೇ ಬೇಕಾಗುವುದು ಹೆಚ್ಚು. ದಂಪತಿ ಇಬ್ಬರ ಕಾರ್ಡೂ ಒಂದೇ ಪರ್ಸಿನಲ್ಲಿದ್ದರೆ ಎರಡು ಕಾರ್ಡಿದ್ದೂ ಪ್ರಯೋಜನವಿಲ್ಲ.

ನಗದಿನ ನಿಯಮಗಳು ಸರಳ. ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಕೊಳ್ಳಬಹುದಾದದ್ದು 3,000 ಡಾಲರ್, ಉಳಿದದ್ದು ಕಾರ್ಡಿನಲ್ಲಿ. ರೂಪಾಯಿ ನೋಟು ₹25,000ದವರೆಗೆ ಒಯ್ಯಬಹುದು, ಮರಳಿ ಬಂದ ದಿನದ ಟ್ಯಾಕ್ಸಿಗೆ ಅದು ಬೇಕಾಗುತ್ತದೆ. ₹50,000 ಮೀರಿದ ವಿದೇಶಿ ಹಣವನ್ನು ಬ್ಯಾಂಕ್ ಖಾತೆಯ ಮೂಲಕವೇ ಕೊಳ್ಳಬೇಕು; ರಸೀದಿ ಕೊಡದ ಏಜೆಂಟ್ ಎರಡು ರೂಪಾಯಿ ಕಡಿಮೆ ಹೇಳಿದರೂ ಅವನಿಂದ ದೂರವಿರುವುದೇ ಲೇಸು. ಮರಳಿದ ಮೇಲೆ ಉಳಿದ ಡಾಲರಿನಲ್ಲಿ 2,000ದವರೆಗೆ ಇಟ್ಟುಕೊಳ್ಳಬಹುದು, ಹೆಚ್ಚಿದ್ದರೆ 180 ದಿನದೊಳಗೆ ಮರಳಿಸಬೇಕು. ಟೂರ್ ಪ್ಯಾಕೇಜಿನ ಬಿಲ್ಲಿನಲ್ಲಿ ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಎಂದು ಸೇರಿಸುವ ಮೊತ್ತ ಕಂಡು ಗಾಬರಿಯಾಗುವವರಿದ್ದಾರೆ. ಅದರ ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ, ಆದರೆ ಅದು ಕಳೆದುಹೋದ ಹಣವಲ್ಲ. ಪ್ಯಾನ್ ಸಂಖ್ಯೆ ಸರಿಯಾಗಿ ಕೊಟ್ಟಿದ್ದರೆ ಆದಾಯ ತೆರಿಗೆ ರಿಟರ್ನಿನಲ್ಲಿ ಹೊಂದಿಸಿಕೊಳ್ಳಬಹುದು, ತೆರಿಗೆ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ನಿಜವಾಗಿ ಕಳೆದುಹೋಗುವ ದುಡ್ಡು ಕಾರ್ಡು ಉಜ್ಜುವ ಯಂತ್ರದ ಪರದೆಯ ಮೇಲೆ ನಮ್ಮ ಕಣ್ಣೆದುರಿಗೇ ಇರುತ್ತದೆ. ಪ್ಯಾರಿಸ್ಸಿನ ಅಂಗಡಿಯಲ್ಲಿ ಕಾರ್ಡು ಹಾಕಿದಾಗ ‘ಯೂರೊದಲ್ಲಿ ಕೊಡುತ್ತೀರೋ, ರೂಪಾಯಿಯಲ್ಲಿ ಕೊಡುತ್ತೀರೋ’ ಎಂದು ಪರದೆ ಕೇಳುತ್ತದೆ. ಪರಿಚಿತವಾದ ರೂಪಾಯಿಯ ಮೊತ್ತ ನೋಡಿ ಬೆರಳು ಅತ್ತಲೇ ಹೋಗುತ್ತದೆ. ಹಾಗೆ ಒತ್ತಿದರೆ ವಿನಿಮಯ ದರ ನಿರ್ಧರಿಸುವುದು ಅಂಗಡಿಯ ಕಡೆಯ ಸಂಸ್ಥೆ, ತನ್ನ ಲಾಭ ಸೇರಿಸಿಕೊಂಡು. ಯಾವಾಗಲೂ ಆ ದೇಶದ ಹಣವನ್ನೇ ಒತ್ತಬೇಕು. ಎಟಿಎಮ್ಮಿನಲ್ಲೂ ಇದೇ ಪ್ರಶ್ನೆ, ಇದೇ ಉತ್ತರ.

‘ಇದೆಲ್ಲ ವಯಸ್ಸಾದವರಿಗೆ ಸರಿ, ಇಪ್ಪತ್ತೆಂಟರ ಹುಡುಗನಿಗೆ ಬಿಪಿಯೂ ಇಲ್ಲ, ಶುಗರೂ ಇಲ್ಲ’ ಎನ್ನಬಹುದು. ಯುವಕರ ಅಪಾಯ ಹೃದಯದಲ್ಲಿಲ್ಲ, ಬಾಡಿಗೆ ಸ್ಕೂಟರಿನಲ್ಲಿದೆ. ಬಾಲಿಯಲ್ಲಿ, ಫುಕೆಟ್ಟಿನಲ್ಲಿ ಪಾಸ್‌ಪೋರ್ಟ್ ತೋರಿಸಿದರೆ ಸಾಕು, ಸ್ಕೂಟರ್ ಕೈಗೆ ಕೊಡುತ್ತಾರೆ. ಕೊಡುವವರು ಪರವಾನಗಿ ಕೇಳದಿದ್ದರೂ ಬಿದ್ದು ಕಾಲು ಮುರಿದ ಮೇಲೆ ವಿಮೆ ಕಂಪನಿ ಕೇಳುತ್ತದೆ. ಆ ದೇಶದಲ್ಲಿ ಸಲ್ಲುವ ಲೈಸೆನ್ಸ್ ಇರಲಿಲ್ಲ, ಹೆಲ್ಮೆಟ್ ಇರಲಿಲ್ಲ, ಕುಡಿದಿದ್ದ, ಈ ಮೂರರಲ್ಲಿ ಯಾವುದೊಂದಿದ್ದರೂ ಕ್ಲೇಮು ನಿಲ್ಲುವುದು ಕಷ್ಟ. ಇಲ್ಲಿನ ಆರ್‌ಟಿಒ ಕಚೇರಿಯಲ್ಲೇ ಒಂದು ವರ್ಷ ಸಲ್ಲುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಸಿಗುತ್ತದೆ. ಅದರಲ್ಲಿ ದ್ವಿಚಕ್ರ ವಾಹನವೂ ಸೇರಿದೆಯೇ ನೋಡಿಕೊಳ್ಳಬೇಕು. ಸ್ಕೂಬಾ, ಪ್ಯಾರಾಗ್ಲೈಡಿಂಗ್, ಎತ್ತರದ ಚಾರಣಗಳನ್ನು ಮಾಮೂಲಿ ಪಾಲಿಸಿಗಳು ಎಷ್ಟೋ ಸಲ ಹೊರಗಿಡುತ್ತವೆ. ಮೊದಲ ವಿದೇಶ ಯಾತ್ರೆಯಾಗಿ ಟಿಬೆಟಿನ ಕೈಲಾಸ–ಮಾನಸ ಸರೋವರಕ್ಕೆ ಹೊರಡುವ ಹಿರಿಯರಿಗೂ ಈ ಮಾತು ಅನ್ವಯ: ಐದೂವರೆ ಸಾವಿರ ಮೀಟರ್ ಮೀರುವ ಆ ಪರಿಕ್ರಮದ ಎತ್ತರಕ್ಕೆ ತಮ್ಮ ಪಾಲಿಸಿ ಅನ್ವಯಿಸುತ್ತದೆಯೇ ಎಂದು ಬರಹದಲ್ಲಿ ಕೇಳಿ ಪಡೆಯಬೇಕು. ಏನಾದರೂ ಆದರೆ ರಾಯಭಾರ ಕಚೇರಿ ಇದೆಯಲ್ಲ ಎಂಬ ಭರವಸೆಗೂ ಮಿತಿಯಿದೆ. ಪಾಸ್‌ಪೋರ್ಟ್ ಕಳೆದರೆ, ಬಂಧನವಾದರೆ, ಸಾವು ಸಂಭವಿಸಿದರೆ ಅವರು ನೆರವಿಗೆ ಬರುತ್ತಾರೆ. 2009ರಲ್ಲಿ ಆರಂಭವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯೂ ಇದೆ. ಆದರೆ ಅದು ನಿಜಕ್ಕೂ ದಿಕ್ಕಿಲ್ಲದವರಿಗೆ, ಪರಿಶೀಲನೆ ಮಾಡಿ ಕೊಡುವ ನೆರವು. ವಿಮೆ ಕೊಳ್ಳದವರ ಆಸ್ಪತ್ರೆ ಬಿಲ್ ಕಟ್ಟುವ ಖಜಾನೆಯಲ್ಲ.

ಕೊನೆಯ ಆಕ್ಷೇಪ: ಇಷ್ಟೆಲ್ಲ ಯೋಚಿಸಿದರೆ ಪ್ರವಾಸದ ಸಂತೋಷವೇ ಹೋಗುವುದಿಲ್ಲವೇ? ಹೊರಟವರಲ್ಲಿ ಬಹುಪಾಲು ಜನ ಏನೂ ಆಗದೆ ಸುಖವಾಗಿ ಮರಳುತ್ತಾರೆ ಎಂಬುದು ನಿಜ, ಆದ್ದರಿಂದಲೇ ಈ ತಯಾರಿ ಅಗ್ಗವಾಗಿ ಆಗುತ್ತದೆ. ಎಲ್ಲರಿಗೂ ಕಾಯಿಲೆ ಬೀಳುವಂತಿದ್ದರೆ ಯಾವ ಕಂಪನಿಯೂ ಕೈಗೆಟುಕುವ ಕಂತಿಗೆ ವಿಮೆ ಕೊಡುತ್ತಿರಲಿಲ್ಲ. ಮಾಡಬೇಕಾದ ಕೆಲಸವೂ ಹೆಚ್ಚಿಲ್ಲ, ಅದರ ಸರದಿ ಮಾತ್ರ ಬದಲಾಗಬೇಕು. ಟಿಕೆಟ್ ತೆಗೆದ ವಾರವೇ ಡಾಕ್ಟರ ಭೇಟಿ, ಚೀಟಿ, ಬೇಕಿದ್ದರೆ ಲಸಿಕೆ. ಆಮೇಲೆ ವಿಮೆಯ ಫಾರ್ಮನ್ನು ಏಜೆಂಟರಿಂದ ಇಸಿದುಕೊಂಡು, ಆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ಪ್ರಯಾಣಿಕರೇ ಕೂತು ತುಂಬುವುದು. ಅದೂ ಊರು ಬಿಡುವ ಮೊದಲೇ, ಏಕೆಂದರೆ ಇಲ್ಲಿನ ಪ್ರವಾಸ ವಿಮೆ ಸಾಮಾನ್ಯವಾಗಿ ಹೊರಟ ಮೇಲೆ ಸಿಗುವುದಿಲ್ಲ. ನಂತರ ಕಾರ್ಡು ತೆರೆಸುವುದು, ರೋಮಿಂಗ್ ಹಾಕಿಸುವುದು. ವಿಮೆಯ ಸಹಾಯವಾಣಿಯ ನಂಬರನ್ನೂ ಪಾಲಿಸಿ ಸಂಖ್ಯೆಯನ್ನೂ ಫೋನಿನಲ್ಲಷ್ಟೇ ಅಲ್ಲದೆ ಕಾಗದದ ಮೇಲೂ ಬರೆದು ಒಂದು ಪ್ರತಿ ಪರ್ಸಿನಲ್ಲಿ, ಒಂದು ಮಕ್ಕಳ ಕೈಯಲ್ಲಿ ಇರಿಸುವುದು. ಜೊತೆಗೆ ಅಮೆರಿಕದಲ್ಲಿ 911, ಯುರೋಪಿನಲ್ಲಿ 112, ಬ್ರಿಟನ್ನಿನಲ್ಲಿ 999 ಎಂಬ ತುರ್ತು ಸಂಖ್ಯೆಗಳನ್ನು. ಇಷ್ಟು ಮುಗಿದ ಮೇಲೆ ಉಳಿದ ದಿನಗಳಲ್ಲಿ ಡಾಲರಿನ ದರಕ್ಕೆ ಎಷ್ಟು ಬೇಕಾದರೂ ಚೌಕಾಸಿ ಮಾಡಲಿ, ನಾಲ್ಕು ಅಂಗಡಿ ಸುತ್ತಲಿ. ಅದರಲ್ಲಿ ಸೋತರೆ ಹೋಗುವುದು ಒಂದೆರಡು ಸಾವಿರ ರೂಪಾಯಿ. ಆ ಸೋಲನ್ನು ಯಾರು ಬೇಕಾದರೂ ತಡೆದುಕೊಳ್ಳಬಲ್ಲರು.